ಅಳಿಸಿದ್ದು ಡಿಸ್ಕಿಗೆ ಗೊತ್ತಾಗುತ್ತದೆಯೇ?

ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಡಸ್ಟರಿನಿಂದ ಒರೆಸಿದರೆ ಹಲಗೆ ಖಾಲಿಯಾಗುತ್ತದೆ. ಅದರಲ್ಲಿ ಯಾವ ಗುಟ್ಟೂ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ಒಂದು ಕಡತವನ್ನು ಅಳಿಸಿದಾಗ ನಡೆಯುವುದೇ ಬೇರೆ. ಅಲ್ಲಿ ಒರೆಸುವ ಕೆಲಸ ನಡೆಯುವುದೇ ಇಲ್ಲ. ಕಡತಗಳ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿ, 'ಈ ಜಾಗವನ್ನು ಇನ್ನು ಬೇರೆಯವರಿಗೆ ಕೊಡಬಹುದು' ಎಂದು ಕಂಪ್ಯೂಟರು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಡಿಸ್ಕಿನೊಳಗೆ ಆ ಕಡತದ ಮಾಹಿತಿ ಇದ್ದಲ್ಲಿಯೇ ಇರುತ್ತದೆ.

ತಿರುಗುವ ತಟ್ಟೆಗಳಿರುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಹಳೆಯದರ ಮೇಲೆಯೇ ಹೊಸದನ್ನು ಬರೆದರಾಯಿತು. ಈಗ ಹೆಚ್ಚಿನ ಕಂಪ್ಯೂಟರುಗಳಲ್ಲಿ ಆ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ಚಲಿಸುವ ಭಾಗವೇ ಇಲ್ಲದ ಘನಸ್ಥಿತಿಯ ಡಿಸ್ಕು ಬಂದಿದೆ. ಇದರ ಗುಣ ಬೇರೆ. ಬಳಕೆಯಲ್ಲಿಲ್ಲದ ಜಾಗ ಯಾವುದೆಂದು ಇದಕ್ಕೆ ಯಾರಾದರೂ ಹೇಳದಿದ್ದರೆ, ಎಂದೋ ಅಳಿಸಿದ ಕಸವನ್ನೆಲ್ಲ ಅದು ಆಸ್ತಿಯೆಂದು ಕಾಪಾಡುತ್ತಾ, ಅಲ್ಲಿಂದಿಲ್ಲಿಗೆ ಹೊತ್ತು ಹಾಕುತ್ತಾ ತನ್ನ ಆಯುಸ್ಸನ್ನೇ ಸವೆಸಿಕೊಳ್ಳುತ್ತದೆ. 'ಈ ಜಾಗ ಖಾಲಿಯಾಯಿತು' ಎಂದು ಡಿಸ್ಕಿಗೆ ತಿಳಿಸುವ ಆಜ್ಞೆಯ ಹೆಸರೇ 'ಟ್ರಿಮ್'.

ಈ ವಾರ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಸೀತಾ ಮತ್ತು ಸ್ವರ್ಣಾ ನದಿಗಳು ಕಡಲನ್ನು ಸೇರುವಲ್ಲಿರುವ ನಮ್ಮ ಹಂಗಾರಕಟ್ಟೆಯಂಥ ಸಣ್ಣ ಬಂದರಿನ ಊರಿಗೂ ಫೈಬರ್ ಇಂಟರ್‌ನೆಟ್ ಬಂದಿದೆ. ಮಕ್ಕಳ ಪಾಠ, ಫಲಿತಾಂಶ, ಸಿಇಟಿ ಅರ್ಜಿ ಎಲ್ಲವೂ ಅದರ ಮೇಲೆಯೇ. ಇಲ್ಲಿನ ಒಂದು ಮನೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಅಂಗೈಯಗಲದ ಒಂದು ಕಂಪ್ಯೂಟರನ್ನು ತಂದು, ಅದನ್ನು ಇಂಟರ್‌ನೆಟ್ ತಂತಿಗೂ ಮನೆಯ ವೈಫೈಗೂ ನಡುವೆ ಕಾವಲು ಪೆಟ್ಟಿಗೆಯಾಗಿ ನಿಲ್ಲಿಸಿದ. ತಂಗಿ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಬೇಡದ ತಾಣಗಳು ಮನೆಯೊಳಗೆ ಬರುವುದು ಬೇಡ ಎಂಬುದು ಹೆತ್ತವರ ಇಚ್ಛೆ. ಒಂದೂವರೆ ವರ್ಷ ಚೆನ್ನಾಗಿಯೇ ನಡೆದ ಪೆಟ್ಟಿಗೆ, ಮಗಳ ಅರ್ಜಿ ತುಂಬುವ ವಾರದಲ್ಲಿ ಕೈಕೊಟ್ಟಿತು. ಹೊಸ ಡಿಸ್ಕು ಹಾಕಿಸಿದ ತಂದೆ ಕೇಳಿದ ಪ್ರಶ್ನೆ ಇದು: "ಪೆಟ್ಟಿಗೆಯಲ್ಲಿ ನಾವು ಒಂದು ಫೋಟೊ ಕೂಡ ಇಟ್ಟವರಲ್ಲ. ಡಿಸ್ಕಿನ ಮುಕ್ಕಾಲು ಪಾಲು ಖಾಲಿಯೇ ಇತ್ತಂತೆ. ಇದ್ ಎಂತಕ್ಕೆ ಹೀಂಗಾತ್ತ್ ಮಾಸ್ಟ್ರೇ?"

ಪ್ರಶ್ನೆ ಒಳ್ಳೆಯದು. ಖಾಲಿ ಇರುವ ಡಿಸ್ಕು ಸವೆಯುವುದು ಹೇಗೆ? ಉತ್ತರಕ್ಕೆ ಮೊದಲು ಡಿಸ್ಕಿನ ಒಳಗೆ ಇಣುಕಬೇಕು.

ಬಲೆಯಲ್ಲಿ ಸಿಕ್ಕಿದ ಎಲೆಕ್ಟ್ರಾನು

ಎಸ್‌ಎಸ್‌ಡಿಯೊಳಗೆ ಇರುವುದು ಫ್ಲ್ಯಾಶ್ ಸ್ಮೃತಿಯ ಚಿಪ್ಪುಗಳು. ಇದರ ಬೀಜ ಬಿದ್ದದ್ದು 1967ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ಇಬ್ಬರು ವಿಜ್ಞಾನಿಗಳು ಟ್ರಾನ್ಸಿಸ್ಟರಿನೊಳಗೆ, ಸುತ್ತಲೂ ಅವಾಹಕದಿಂದ ಮುಚ್ಚಿದ ಒಂದು 'ತೇಲುವ ದ್ವಾರ'ವನ್ನು ಇಟ್ಟರು. ಎಲೆಕ್ಟ್ರಾನುಗಳನ್ನು ಅದರೊಳಕ್ಕೆ ನೂಕಿದರೆ ಅವು ಹೊರಬರಲು ದಾರಿಯಿಲ್ಲ. ವಿದ್ಯುತ್ತು ನಿಂತರೂ ವರ್ಷಗಟ್ಟಲೆ ಅಲ್ಲಿಯೇ ಇರುತ್ತವೆ. ಎಲೆಕ್ಟ್ರಾನು ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು ಎಂದು ಓದಿಕೊಂಡರೆ ಅದೇ ನೆನಪು.

ಇದನ್ನು ಅಗ್ಗದ, ಹೆಚ್ಚು ಸಾಮರ್ಥ್ಯದ ಸ್ಮೃತಿಯನ್ನಾಗಿ ಮಾಡಿದವರು ಜಪಾನಿನ ತೋಷಿಬಾ ಕಂಪೆನಿಯಲ್ಲಿದ್ದ ಫುಜಿಯೊ ಮಸುವೊಕ. 1984ರಲ್ಲಿ ಅವರು ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಇಂದು ನಾವು ಬಳಸುವ 'ನ್ಯಾಂಡ್' ಬಗೆಯದು 1987ರಲ್ಲಿ ಬಂದಿತು. ದೊಡ್ಡ ಭಾಗವೊಂದು ಒಂದೇ ಏಟಿಗೆ ಅಳಿಸಿಹೋಗುವುದನ್ನು ಕಂಡ ಅವರ ಸಹೋದ್ಯೋಗಿಗೆ ಕ್ಯಾಮರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಹಾಗೆ ಬಂದದ್ದು. 'ಒಂದೇ ಏಟಿಗೆ ದೊಡ್ಡ ಭಾಗ' ಎಂಬ ಮಾತನ್ನು ನೆನಪಿಡಿ, ನಮ್ಮ ಕಥೆಯೆಲ್ಲ ಇರುವುದು ಅಲ್ಲಿಯೇ. ಸ್ಯಾನ್‌ಡಿಸ್ಕ್ ಕಂಪೆನಿ 1991ರಲ್ಲಿ ಮಾರಿದ ಮೊದಲ ಫ್ಲ್ಯಾಶ್ ಡಿಸ್ಕಿನ ಸಾಮರ್ಥ್ಯ ಬರೀ 20 ಎಂಬಿ, ಬೆಲೆ ಸುಮಾರು ಒಂದು ಸಾವಿರ ಡಾಲರು. 1988ರಲ್ಲಿ ಆ ಕಂಪೆನಿಯನ್ನು ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ.

ಎಲೆಕ್ಟ್ರಾನುಗಳು ಅವಾಹಕವನ್ನು ದಾಟಿ ಒಳಗೆ ಹೋಗುವುದು ಹೇಗೆ? ಪಿಯುಸಿ ವಿದ್ಯಾರ್ಥಿಗಳು ಕ್ವಾಂಟಮ್ ಸಿದ್ಧಾಂತದ ಹೆಸರನ್ನು ಕೇಳಿರುತ್ತೀರಿ. ಅವಾಹಕದ ಪದರ ಕೆಲವೇ ನ್ಯಾನೊಮೀಟರ್ ದಪ್ಪವಿದ್ದು, ಸುಮಾರು 20 ವೋಲ್ಟ್‌ನಷ್ಟು ಒತ್ತಡ ಕೊಟ್ಟರೆ, ಎಲೆಕ್ಟ್ರಾನು ಗೋಡೆಯನ್ನು ಹತ್ತಿ ಇಳಿಯದೆ ಸುರಂಗ ಕೊರೆದ ಹಾಗೆ ತೂರಿ ಹೋಗುತ್ತದೆ. ಅಳಿಸುವಾಗ ಒತ್ತಡವನ್ನು ಎದುರು ದಿಕ್ಕಿಗೆ ಕೊಟ್ಟು ಹೊರಕ್ಕೆ ಎಳೆಯುತ್ತಾರೆ. ಈಗಿನ ಬಹುಪಾಲು ಚಿಪ್ಪುಗಳಲ್ಲಿ ಎಲೆಕ್ಟ್ರಾನನ್ನು ಹಿಡಿದಿಡುವ ಪದರದ ವಸ್ತು ಬದಲಾಗಿದೆಯಾದರೂ ತತ್ತ್ವ ಅದೇ. ಪ್ರತಿ ಸಲವೂ ಆ ತೆಳುವಾದ ಗೋಡೆಗೆ ಸ್ವಲ್ಪ ಪೆಟ್ಟಾಗುತ್ತದೆ. ಕೊನೆಗೊಂದು ದಿನ ಗೋಡೆ ಸೋರತೊಡಗುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಹಳೆಯ ಬಗೆಯ ಚಿಪ್ಪು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಡೆಯುತ್ತಿತ್ತು. ಒಂದೇ ಕೋಶದಲ್ಲಿ ಮೂರು ಬಿಟ್ ತುರುಕುವ ಈಗಿನ ಅಗ್ಗದ ಬಗೆ ತಡೆಯುವುದು ಒಂದರಿಂದ ಮೂರು ಸಾವಿರ ಸಲ. ಡಿಸ್ಕಿಗೆ ಆಯುಸ್ಸಿದೆ ಎಂದದ್ದು ಇದಕ್ಕೇ.

ಹಂತಿ ಎದ್ದ ಮೇಲೆಯೇ ಎಲೆ ತೆಗೆಯುವುದು

ಇನ್ನು ಮುಖ್ಯ ಸಂಗತಿಗೆ ಬರೋಣ. ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯುವುದು 'ಪುಟ'ಗಳ ಲೆಕ್ಕದಲ್ಲಿ. ಒಂದು ಪುಟ ಸಾಮಾನ್ಯವಾಗಿ 4ರಿಂದ 16 ಕೆಬಿ. ಆದರೆ ಅಳಿಸುವುದು 'ಬ್ಲಾಕು'ಗಳ ಲೆಕ್ಕದಲ್ಲಿ. ಒಂದು ಬ್ಲಾಕಿನಲ್ಲಿ ನೂರಾರು ಪುಟಗಳು. ಬರೆದ ಪುಟದ ಮೇಲೆ ಮತ್ತೆ ಬರೆಯುವಂತಿಲ್ಲ, ಇಡೀ ಬ್ಲಾಕನ್ನು ಅಳಿಸಿಯೇ ಬರೆಯಬೇಕು.

ನಮ್ಮ ದೇವಸ್ಥಾನದ ಊಟದ ಚಾವಡಿಯನ್ನು ನೆನಪಿಸಿಕೊಳ್ಳಿ. ಎಲೆಗಳು ಒಂದೊಂದಾಗಿ ಬೀಳುತ್ತವೆ, ಜನ ಒಬ್ಬೊಬ್ಬರಾಗಿ ಕೂರುತ್ತಾರೆ. ಆದರೆ ಎಲೆ ತೆಗೆದು ನೆಲ ಒರೆಸುವುದು ಇಡೀ ಹಂತಿ ಎದ್ದ ಮೇಲೆಯೇ. ನಡುವೆ ಒಬ್ಬರು ಎದ್ದುಹೋದರೆಂದು ಉಂಡ ಎಲೆಯ ಮೇಲೆ ಇನ್ನೊಬ್ಬರಿಗೆ ಬಡಿಸುವ ಪದ್ಧತಿಯಿಲ್ಲ. ಎಲೆಯೆಂದರೆ ಪುಟ, ಹಂತಿಯೆಂದರೆ ಬ್ಲಾಕು ಎಂದಿಟ್ಟುಕೊಳ್ಳಿ.

ಈಗ ಹೊಸ ಜನ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಒಂದು ಹಂತಿಯಲ್ಲಿ ಹತ್ತು ಎಲೆಗಳಲ್ಲಿ ಆರು ಮಂದಿ ಎದ್ದಾಗಿದೆ, ನಾಲ್ವರು ಇನ್ನೂ ಉಣ್ಣುತ್ತಿದ್ದಾರೆ. ಚಾವಡಿಯಲ್ಲಿ ಹಾಗೆ ಮಾಡುವುದಿಲ್ಲ, ಆದರೆ ಎಸ್‌ಎಸ್‌ಡಿ ಮಾಡುವುದು ಇಷ್ಟು: ಆ ನಾಲ್ವರನ್ನು ಎಬ್ಬಿಸಿ, ಬೇರೆ ಹಂತಿಯಲ್ಲಿ ಹೊಸ ಎಲೆ ಹಾಕಿ ಕೂರಿಸಿ, ಇಲ್ಲಿಯ ಹಂತಿಯನ್ನು ಒಟ್ಟಿಗೆ ತೆಗೆದು ಒರೆಸುತ್ತದೆ. ಹೀಗೆ ನಾಲ್ಕು ಎಲೆ ಹೆಚ್ಚಿಗೆ ಖರ್ಚಾಯಿತು. ನಾವು ಒಂದು ಪಾಲು ಬರೆಯಲು ಹೇಳಿದರೆ ಡಿಸ್ಕು ಒಳಗೊಳಗೇ ಎರಡು, ಮೂರು, ಕೆಲವೊಮ್ಮೆ ಹತ್ತು ಪಾಲು ಬರೆಯುತ್ತದೆ. ತಂತ್ರಜ್ಞರು ಇದನ್ನು 'ಬರಹದ ವರ್ಧನೆ' ಎನ್ನುತ್ತಾರೆ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಚಾವಡಿಯಲ್ಲಿ ಎಲೆ ಹಾಕುವವನಿಗೆ ಕಣ್ಣು ಕಾಣುವುದಿಲ್ಲ. ಯಾರು ಎದ್ದರು, ಯಾರು ಉಣ್ಣುತ್ತಿದ್ದಾರೆ ಎಂಬುದರ ಪಟ್ಟಿ ಇರುವುದು ಹೊರಗೆ ಕುಳಿತ ಯಜಮಾನನ ಕೈಯಲ್ಲಿ. ಇಲ್ಲಿ ಯಜಮಾನನೆಂದರೆ ಕಂಪ್ಯೂಟರಿನ ಕಡತ ವ್ಯವಸ್ಥೆ. ಒಬ್ಬರು ಎದ್ದುಹೋದ ಕೂಡಲೇ ಯಜಮಾನ ತನ್ನ ಪಟ್ಟಿಯಲ್ಲಿ ಅವರ ಹೆಸರಿಗೆ ಗೆರೆ ಎಳೆಯುತ್ತಾನೆ, ಒಳಗೆ ಹೇಳಿ ಕಳುಹಿಸುವುದಿಲ್ಲ. ಒಳಗಿನವನು ಪಾಪ, ಎದ್ದುಹೋದ ಆರು ಮಂದಿಯೂ ಕುಳಿತಿದ್ದಾರೆಂದೇ ನಂಬಿ, ಆ ಆರು ಎಂಜಲೆಲೆಗಳನ್ನೂ ಜೋಪಾನವಾಗಿ ಬೇರೆ ಹಂತಿಗೆ ಸಾಗಿಸುತ್ತಾನೆ!

ಟ್ರಿಮ್ ಎಂದರೆ ಯಜಮಾನ ಒಬ್ಬ ಹುಡುಗನ ಕೈಯಲ್ಲಿ ಒಳಗೆ ಕಳುಹಿಸುವ ಚೀಟಿ: 'ಮೂರನೆಯ ಹಂತಿಯಲ್ಲಿ ಎರಡು, ಐದು, ಏಳನೆಯ ಎಲೆಯವರು ಎದ್ದಿದ್ದಾರೆ.' ಅಷ್ಟು ಗೊತ್ತಾದರೆ ಸಾಕು, ಒಳಗಿನವನು ಆ ಎಲೆಗಳನ್ನು ಹೊತ್ತು ತಿರುಗುವುದನ್ನು ಬಿಡುತ್ತಾನೆ.

ಮುಕ್ಕಾಲು ಖಾಲಿಯಾದರೂ ತುಂಬಿದ ಡಿಸ್ಕು

ಹಂಗಾರಕಟ್ಟೆಯ ಆ ತಂದೆಯ ಪ್ರಶ್ನೆಗೆ ಉತ್ತರ ಈಗ ಸಿಗುತ್ತದೆ. ಕಾವಲು ಪೆಟ್ಟಿಗೆಯಲ್ಲಿ ಫೋಟೊ ಇಲ್ಲ, ಸಿನಿಮಾ ಇಲ್ಲ ಎಂಬುದು ನಿಜ. ಆದರೆ ಅದು ಹಗಲೂ ರಾತ್ರಿಯೂ ದಿನಚರಿ ಬರೆಯುತ್ತಲೇ ಇರುತ್ತದೆ. ಹೊರಗಿನಿಂದ ಬಾಗಿಲು ತಟ್ಟಿದ ಪ್ರತಿ ಅಪರಿಚಿತನ ವಿಳಾಸ, ಮನೆಯವರು ಕೇಳಿದ ಪ್ರತಿ ತಾಣದ ಹೆಸರು, ನಿಮಿಷ ನಿಮಿಷಕ್ಕೂ ಸಂಚಾರದ ನಕ್ಷೆ, ತಡೆಯಬೇಕಾದ ತಾಣಗಳ ಹೊಸ ಪಟ್ಟಿ. ಹಳೆಯ ದಿನಚರಿಯನ್ನು ಅಳಿಸುತ್ತದೆ, ಹೊಸದನ್ನು ಬರೆಯುತ್ತದೆ. ಪ್ರತಿ ಹೊಸ ಕಡತವೂ ಡಿಸ್ಕಿನ ಬೇರೆ ಬೇರೆ ಜಾಗದಲ್ಲಿ ಕುಳಿತು ಏಳುತ್ತದೆ. ತಿಂಗಳುಗಳು ಕಳೆಯುವಷ್ಟರಲ್ಲಿ ಡಿಸ್ಕಿನ ಪ್ರತಿಯೊಂದು ವಿಳಾಸಕ್ಕೂ ಒಂದಲ್ಲ ಒಂದು ಸಲ ಬರೆದಾಗಿರುತ್ತದೆ.

ಯಜಮಾನನ ಪಟ್ಟಿಯ ಪ್ರಕಾರ ಮುಕ್ಕಾಲು ಪಾಲು ಖಾಲಿ. ಡಿಸ್ಕಿನ ಪ್ರಕಾರ ಪೂರ್ತಿ ಭರ್ತಿ. ಆಗ ಡಿಸ್ಕಿಗೆ ಕೈಯಾಡಿಸಲು ಉಳಿಯುವುದು ತಯಾರಕರು ಒಳಗೆ ಮೀಸಲಿಟ್ಟ ಚೂರು ಜಾಗ ಮಾತ್ರ. ಹಲವು ಡಿಸ್ಕುಗಳಲ್ಲಿ ಈ ಮೀಸಲು ಎಷ್ಟೆಂಬುದು ಒಂದು ಸ್ವಾರಸ್ಯದ ಲೆಕ್ಕ. ಚಿಪ್ಪಿನ ಲೆಕ್ಕದಲ್ಲಿ ಒಂದು ಗಿಗಾ ಎಂದರೆ ಎರಡರ ಮೂವತ್ತನೆಯ ಘಾತ, 1,073,741,824. ಅಂಗಡಿಯಲ್ಲಿ ಮಾರುವ ಲೆಕ್ಕದಲ್ಲಿ ಒಂದು ಗಿಗಾ ಎಂದರೆ 1,000,000,000. ಈ ಎರಡರ ನಡುವಿನ ವ್ಯತ್ಯಾಸ ಶೇಕಡಾ 7ಕ್ಕೆ ಸ್ವಲ್ಪ ಹೆಚ್ಚು. ಆ ಏಳು ಪಾಲಿನಲ್ಲಿಯೇ ಡಿಸ್ಕು ತನ್ನ ಹಂತಿಗಳನ್ನು ಹಿಂದೆ ಮುಂದೆ ಮಾಡಬೇಕು. ಕಿಷ್ಕಿಂಧೆಯಂಥ ಅಡುಗೆಮನೆಯಲ್ಲಿ ಮದುವೆ ಊಟ ಮಾಡಿದ ಹಾಗೆ!

ಲೆಕ್ಕವನ್ನೇ ಹಾಕಿ ನೋಡೋಣ. ಉದಾಹರಣೆಗಾಗಿ 16 ಜಿಬಿಯ ಡಿಸ್ಕು, ಸಾವಿರ ಸಲದ ಆಯುಸ್ಸು, ದಿನಕ್ಕೆ 4 ಜಿಬಿ ಬರಹ ಎಂದಿಟ್ಟುಕೊಳ್ಳಿ. ಡಿಸ್ಕು ಒಟ್ಟು ತಡೆಯುವುದು 16,000 ಜಿಬಿ. ವರ್ಧನೆಯೇ ಇಲ್ಲದಿದ್ದರೆ 4,000 ದಿನ, ಅಂದರೆ ಹತ್ತಿರ ಹತ್ತಿರ ಹನ್ನೊಂದು ವರ್ಷ. ವರ್ಧನೆ ಎರಡು ಪಟ್ಟಿದ್ದರೆ 2,000 ದಿನ, ಐದೂವರೆ ವರ್ಷ. ಎಂಟು ಪಟ್ಟಿದ್ದರೆ? ಬರೀ 500 ದಿನ, ಒಂದು ವರ್ಷ ನಾಲ್ಕೂವರೆ ತಿಂಗಳು. ಬರೆದದ್ದು ಅಷ್ಟೇ, ಡಿಸ್ಕೂ ಅದೇ. ವ್ಯತ್ಯಾಸವೆಲ್ಲ ಒಳಗಿನ ಹೊರೆಯಲ್ಲಿ. ನಿಮ್ಮ ಮನೆಯ ಪೆಟ್ಟಿಗೆಯ ಅಂಕಿಗಳು ಬೇರೆ ಇರಬಹುದು, ಲೆಕ್ಕದ ರೀತಿ ಇದೇ.

ಟ್ರಿಮ್ ಬಂದ ದಾರಿ

ಕಂಪ್ಯೂಟರಿಗೂ ಡಿಸ್ಕಿಗೂ ನಡುವಿನ ಭಾಷೆಯಲ್ಲಿ ಮೊದಲು ಇಂಥದೊಂದು ಮಾತೇ ಇರಲಿಲ್ಲ. ಹಾರ್ಡ್ ಡಿಸ್ಕಿನ ಕಾಲದ ಭಾಷೆಗೆ 'ಓದು', 'ಬರೆ' ಎಂಬ ಎರಡು ಮಾತು ಸಾಕಾಗಿದ್ದವು. ಎಸ್‌ಎಸ್‌ಡಿಗಳು ಬಂದ ಮೇಲೆ 'ಇದು ಬೇಡವಾಯಿತು' ಎಂಬ ಮೂರನೆಯ ಮಾತನ್ನು ಸೇರಿಸಬೇಕಾಯಿತು. 2009ರಲ್ಲಿ ಬಂದ ವಿಂಡೋಸ್ 7 ಅದನ್ನು ಆಡಲು ಕಲಿಯಿತು. ಲಿನಕ್ಸ್ 2010ರಲ್ಲಿ ಕಲಿಯಿತು. ನಮ್ಮ ಕಾವಲು ಪೆಟ್ಟಿಗೆಗಳಿಗೆ ಬುನಾದಿಯಾದ ಫ್ರೀಬಿಎಸ್‌ಡಿ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯಲ್ಲಿ 2010ರ ಜುಲೈಯ 8.1ನೇ ಆವೃತ್ತಿಯಲ್ಲಿ ಕೆಳಮಟ್ಟದ ವ್ಯವಸ್ಥೆ ಸಿದ್ಧವಾಯಿತು. ಅದರ ಯುಎಫ್‌ಎಸ್ ಎಂಬ ಕಡತ ವ್ಯವಸ್ಥೆಗೆ 8.3 ಮತ್ತು 9ನೇ ಆವೃತ್ತಿಗಳಲ್ಲಿಯೂ, ಝಡ್‌ಎಫ್‌ಎಸ್ ಎಂಬ ಇನ್ನೊಂದಕ್ಕೆ 9.2ರಲ್ಲಿಯೂ ಟ್ರಿಮ್ ಬಂದಿತು.

ಮನೆಯಲ್ಲಿ ಕಾವಲು ಪೆಟ್ಟಿಗೆ ಕಟ್ಟುವವರು ಹೆಚ್ಚಾಗಿ ಬಳಸುವ ಎರಡು ತಂತ್ರಾಂಶಗಳು ಪಿಎಫ್‌ಸೆನ್ಸ್ ಮತ್ತು ಓಪಿಎನ್‌ಸೆನ್ಸ್. ಮೊದಲನೆಯದು 2004ರಲ್ಲಿ ಮೊನೊವಾಲ್ ಎಂಬ ತಂತ್ರಾಂಶದಿಂದ ಕವಲೊಡೆದದ್ದು. ಎರಡನೆಯದು 2015ರಲ್ಲಿ ಮೊದಲನೆಯದರಿಂದ ಕವಲೊಡೆದದ್ದು. ಎರಡೂ ನಿಂತಿರುವುದು ಫ್ರೀಬಿಎಸ್‌ಡಿಯ ಮೇಲೆ. ಮಾತು ಕಲಿತವರೆಲ್ಲ ಮಾತನಾಡುತ್ತಾರೆ ಎಂದೇನಿಲ್ಲವಷ್ಟೆ? ಕಂಪ್ಯೂಟರಿಗೆ ಟ್ರಿಮ್ ಗೊತ್ತಿದ್ದರೂ, ತಂತ್ರಾಂಶ ಹಾಕುವಾಗ ಅದು ಚಾಲೂ ಆಗದೇ ಉಳಿದಿರಬಹುದು. ಪರೀಕ್ಷಿಸಿ ನೋಡುವುದೇ ಸರಿ.

ಪರೀಕ್ಷಿಸುವುದು, ಚಾಲೂ ಮಾಡುವುದು

ಈ ಭಾಗ ಪೆಟ್ಟಿಗೆ ಇರುವ ಮನೆಯ ಅಣ್ಣಂದಿರಿಗೆ, ಅಕ್ಕಂದಿರಿಗೆ. ಶುರುಮಾಡುವ ಮೊದಲು ಪೆಟ್ಟಿಗೆಯ ಪುಟಕ್ಕೆ ಹೋಗಿ, ಅದರ ಹೊಂದಾಣಿಕೆಗಳ ಪ್ರತಿಯೊಂದನ್ನು ಬೇರೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದೇ ಒಂದು ಸಣ್ಣ ಕಡತ. ನಾಳೆ ಡಿಸ್ಕು ಸತ್ತರೂ ಈ ಕಡತವಿದ್ದರೆ ಹೊಸ ಡಿಸ್ಕಿನಲ್ಲಿ ಅರ್ಧ ಗಂಟೆಯಲ್ಲಿ ಎಲ್ಲವೂ ಮೊದಲಿನಂತೆ ಆಗುತ್ತದೆ. ಟ್ರಿಮ್ ಚಾಲೂ ಮಾಡುವುದಕ್ಕಿಂತಲೂ ಇದು ಮುಖ್ಯ.

ಪೆಟ್ಟಿಗೆಯಲ್ಲಿ ಇರುವುದು ಯುಎಫ್‌ಎಸ್ ಆಗಿದ್ದರೆ, ಆಜ್ಞೆ ಬರೆಯುವ ಪರದೆಯಲ್ಲಿ ಟ್ಯೂನ್‌ಎಫ್‌ಎಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ: ಟಿ, ಯು, ಎನ್, ಇ, ಎಫ್, ಎಸ್. ತೆರಪು ಬಿಟ್ಟು ಕಿರುಗೆರೆ ಮತ್ತು ಪಿ ಅಕ್ಷರ, ಮತ್ತೆ ತೆರಪು ಬಿಟ್ಟು ಒಂದು ಓರೆಗೆರೆ. ಬರುವ ಸಾಲುಗಳಲ್ಲಿ ಟ್ರಿಮ್ ಎಂಬ ಸಾಲು ಚಾಲೂ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಇಲ್ಲವೆಂದಾದರೆ, ಓಡುತ್ತಿರುವ ಪೆಟ್ಟಿಗೆಯಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ. ಡಿಸ್ಕು ಬರಹಕ್ಕೆ ತೆರೆದಿರಬಾರದು. ಆದ್ದರಿಂದ ಪೆಟ್ಟಿಗೆಗೆ ಪರದೆ, ಕೀಲಿಮಣೆ ಜೋಡಿಸಿ, ಪುನಃ ಆರಂಭಿಸಿ, ಮೊದಲು ಕಾಣುವ ಪಟ್ಟಿಯಲ್ಲಿ ಎರಡನೆಯದಾದ 'ಏಕಬಳಕೆದಾರ' ಸ್ಥಿತಿಯನ್ನು ಆರಿಸಿಕೊಳ್ಳಿ. ಅಲ್ಲಿ ಅದೇ ಟ್ಯೂನ್‌ಎಫ್‌ಎಸ್ ಆಜ್ಞೆಯಲ್ಲಿ ಪಿ ಅಕ್ಷರದ ಬದಲು ಟಿ ಅಕ್ಷರ, ತೆರಪು, ಎನೇಬಲ್ ಎಂಬ ಪದ, ತೆರಪು, ಓರೆಗೆರೆ. ಆಮೇಲೆ ರೀಬೂಟ್. ಇಷ್ಟೇ ಕೆಲಸ, ಆದರೆ ಮನೆಯವರೆಲ್ಲ ಇಂಟರ್‌ನೆಟ್ ಬಳಸುವ ಹೊತ್ತಿನಲ್ಲಿ ಮಾಡಬೇಡಿ!

ಒಂದು ಮಾತು. ಇದು ಇನ್ನು ಮುಂದೆ ಏಳುವವರ ಚೀಟಿಯನ್ನು ಮಾತ್ರ ಕಳುಹಿಸುತ್ತದೆ. ಈ ಮೊದಲೇ ಎದ್ದುಹೋದವರ ಸುದ್ದಿ ಡಿಸ್ಕಿಗೆ ಹೋಗಿರುವುದಿಲ್ಲ. ಅದನ್ನೂ ತಿಳಿಸಬೇಕಿದ್ದರೆ ಡಿಸ್ಕನ್ನು ತಪಾಸಣೆ ಮಾಡುವ ಎಫ್‌ಎಸ್‌ಸಿಕೆ_ಎಫ್‌ಎಫ್‌ಎಸ್ ಆಜ್ಞೆಗೆ ದೊಡ್ಡ ಇ ಅಕ್ಷರದ ಆಯ್ಕೆಯನ್ನು ಸೇರಿಸಿ ಅದೇ ಏಕಬಳಕೆದಾರ ಸ್ಥಿತಿಯಲ್ಲಿ ಓಡಿಸಬೇಕು.

ಝಡ್‌ಎಫ್‌ಎಸ್ ಇದ್ದರೆ ಕೆಲಸ ಇನ್ನೂ ಸುಲಭ. ಪೆಟ್ಟಿಗೆಯನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಝಡ್‌ಪೂಲ್ ಎಂಬ ಆಜ್ಞೆಯಿಂದ 'ಆಟೋಟ್ರಿಮ್' ಎಂಬ ಗುಣವನ್ನು ಆನ್ ಮಾಡಿದರೆ ಅಂದಿನಿಂದ ಚೀಟಿ ತಾನಾಗಿ ಹೋಗುತ್ತದೆ. ಹಳೆಯ ಬಾಕಿಯನ್ನು ತೀರಿಸಲು ಝಡ್‌ಪೂಲ್ ಟ್ರಿಮ್ ಎಂದು ಬರೆದು, ಮುಂದೆ ನಿಮ್ಮ ಪೂಲಿನ ಹೆಸರು ಬರೆದರೆ ಸಾಕು. ಇನ್ನು ಲಿನಕ್ಸ್ ಆಧಾರದ ಪೆಟ್ಟಿಗೆಗಳಲ್ಲಿ ಈ ಕೆಲಸಕ್ಕೆ ಎಫ್‌ಎಸ್‌ಟ್ರಿಮ್ ಎಂಬ ಆಜ್ಞೆಯಿದೆ. ಹಲವು ಲಿನಕ್ಸ್‌ಗಳು ಅದನ್ನು ವಾರಕ್ಕೊಮ್ಮೆ ತಾವೇ ಓಡಿಸುತ್ತವೆ.

ಚೀಟಿ ಕಳುಹಿಸಿದರೂ ಒಳಗೆ ತಲುಪದಿರುವುದುಂಟು. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಜೋಡಿಸಿದ್ದರೆ ಆ ಡಬ್ಬಿಯೊಳಗಿನ ಚಿಪ್ಪು ಎಷ್ಟೋ ಸಲ ಟ್ರಿಮ್ ಆಜ್ಞೆಯನ್ನು ದಾಟಿಸುವುದಿಲ್ಲ. ಕಾವಲು ಪೆಟ್ಟಿಗೆಯ ಡಿಸ್ಕು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿರಲಿ.

ಟ್ರಿಮ್ ಒಂದೇ ಸಾಲದು

ಟ್ರಿಮ್ ಸಂಜೀವಿನಿಯಲ್ಲ. ಒಂದೇ ಕಡತವನ್ನು ಅದೇ ಜಾಗದ ವಿಳಾಸಕ್ಕೆ ಮತ್ತೆ ಮತ್ತೆ ಬರೆಯುವಾಗ ಹಳೆಯ ಪ್ರತಿ ಬೇಡವೆಂದು ಡಿಸ್ಕಿಗೆ ತಾನಾಗಿಯೇ ತಿಳಿಯುತ್ತದೆ, ಅಲ್ಲಿ ಟ್ರಿಮ್‌ನ ಕೆಲಸವೇನೂ ಇಲ್ಲ. ದೊಡ್ಡ ಡಿಸ್ಕು ಹಾಕಿದರೆ ಸವೆತ ಹೆಚ್ಚು ಕೋಶಗಳಿಗೆ ಹಂಚಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಬರೆಯುವುದನ್ನೇ ಕಡಿಮೆ ಮಾಡುವುದು. ಬಾಗಿಲು ತಟ್ಟಿದ ಪ್ರತಿಯೊಬ್ಬನ ಹೆಸರು ಮನೆಗೆ ಬೇಕೆ? ಬೇಡದ ದಿನಚರಿಗಳನ್ನು ನಿಲ್ಲಿಸಿ. ಮೇಲೆ ಹೇಳಿದ ಎರಡೂ ತಂತ್ರಾಂಶಗಳಲ್ಲಿ ದಿನಚರಿ ಮತ್ತು ತಾತ್ಕಾಲಿಕ ಕಡತಗಳನ್ನು ಡಿಸ್ಕಿನ ಬದಲು ರ‍್ಯಾಮ್ ಸ್ಮೃತಿಯಲ್ಲಿ ಇಡುವ ಆಯ್ಕೆಯಿದೆ. ಕರೆಂಟು ಹೋದರೆ ಅಂದಿನ ದಿನಚರಿ ಹೋಗುತ್ತದೆ, ಡಿಸ್ಕು ಉಳಿಯುತ್ತದೆ.

ಕರೆಂಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ತಂತಿ ಕಡಿಯುವುದು ಹೊಸತಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ವ್ಯವಸ್ಥೆಯ ಪಟ್ಟಿಯೇ ಅಸ್ತವ್ಯಸ್ತವಾಗಬಹುದು. ಟ್ರಿಮ್ ಇದನ್ನು ತಡೆಯುವುದಿಲ್ಲ. ಪೆಟ್ಟಿಗೆಗೊಂದು ಸಣ್ಣ ಯುಪಿಎಸ್, ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ತೆಗೆದಿಡುವ ಅಭ್ಯಾಸ, ಇವೆರಡೂ ಬೇಕು. ತೆಗೆಯುವ ಮೊದಲು ಪೆಟ್ಟಿಗೆಯನ್ನು ಕ್ರಮವಾಗಿ ಆರಿಸಿ. ಡಿಸ್ಕಿನ ಆರೋಗ್ಯದ ವರದಿಯನ್ನು 'ಸ್ಮಾರ್ಟ್' ಎಂಬ ಪುಟದಲ್ಲಿ ತಿಂಗಳಿಗೊಮ್ಮೆ ನೋಡಿ, ಎಷ್ಟು ಬರೆದಾಗಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಟ್ಟರೆ, ಡಿಸ್ಕು ಬದಲಿಸುವ ಸಮಯ ಪರೀಕ್ಷೆಯ ವಾರದಲ್ಲಿ ಬರದಂತೆ ನೋಡಿಕೊಳ್ಳಬಹುದು.

ಹೆತ್ತವರು ತಿಳಿದಿರಬೇಕಾದ ಎರಡು ಮಾತು

ಮೊದಲನೆಯದು ಅಳಿಸುವಿಕೆಯ ಬಗ್ಗೆಯೇ. ಟ್ರಿಮ್ ಇಲ್ಲದ ಡಿಸ್ಕಿನಲ್ಲಿ, ಅಳಿಸಿದ ಮಾಹಿತಿಯನ್ನು ಜಾಣರು ಹುಡುಕಿ ಹೊರತೆಗೆಯಬಲ್ಲರು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವಾಗ 'ಎಲ್ಲ ಡಿಲೀಟ್ ಮಾಡಿದ್ದೇನೆ' ಎಂದು ನೆಮ್ಮದಿಯಿಂದಿರಬೇಡಿ. ಬ್ಯಾಂಕಿನ ಕಾಗದ, ಆಧಾರ್ ಪ್ರತಿ, ಮಕ್ಕಳ ಫೋಟೊ ಎಲ್ಲವೂ ಅದರೊಳಗಿರಬಹುದು. ಡಿಸ್ಕನ್ನು ಕಳಚಿ ಮನೆಯಲ್ಲಿಯೇ ಇಟ್ಟುಕೊಳ್ಳಿ, ಇಲ್ಲವೇ ತಯಾರಕರು ಕೊಡುವ ಪೂರ್ಣ ಅಳಿಸುವಿಕೆಯ ಸೌಲಭ್ಯವನ್ನು ಬಳಸಿ. ಟ್ರಿಮ್ ಇರುವ ಡಿಸ್ಕಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೈತಪ್ಪಿ ಅಳಿಸಿದ ಮದುವೆಯ ಫೋಟೊ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ. ಚೀಟಿ ಒಳಗೆ ಹೋಗಿ ಎಲೆ ತೆಗೆದಾಗಿರುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಟ್ರಿಮ್ ಸಾಮಾನ್ಯವಾಗಿ ಮೊದಲೇ ಚಾಲೂ ಇರುವುದರಿಂದ, ಬೇಕಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಎರಡನೆಯದು ಕಾವಲಿನ ಬಗ್ಗೆ. ಪೆಟ್ಟಿಗೆ ಕಾಯುವುದು ಮನೆಯ ತಂತಿಯನ್ನು ಮಾತ್ರ. ಮಕ್ಕಳ ಫೋನಿನಲ್ಲಿ ಸಿಮ್ಮಿನ ಡೇಟಾ ಇದ್ದರೆ ಅದು ಹಿತ್ತಿಲ ಬಾಗಿಲಿನಿಂದ ಹೋದಂತೆ, ಪೆಟ್ಟಿಗೆಗೆ ಸುಳಿವೂ ಸಿಗುವುದಿಲ್ಲ. ಪೆಟ್ಟಿಗೆಯ ದಿನಚರಿಯಲ್ಲಿ ಮನೆಯ ಪ್ರತಿಯೊಬ್ಬರೂ ಯಾವ ತಾಣ ಕೇಳಿದರೆಂಬುದು ಇರುತ್ತದೆ. ಅದನ್ನು ಎಷ್ಟು ದಿನ ಇಡಬೇಕು, ಯಾರು ನೋಡಬೇಕು ಎಂಬುದನ್ನು ಮಕ್ಕಳಿಗೂ ತಿಳಿಸಿ ತೀರ್ಮಾನಿಸಿದರೆ ಒಳ್ಳೆಯದು. ಪಿಯುಸಿ ಓದುವ ಮಗಳ ದಿನಚರಿಯನ್ನು ಅವಳಿಗೆ ಗೊತ್ತಿಲ್ಲದಂತೆ ಓದಿ ಗಳಿಸುವ ಕಾವಲಿಗಿಂತ, ಅವಳೊಂದಿಗೆ ಕುಳಿತು ಮಾಡಿಕೊಂಡ ನಿಯಮದ ಕಾವಲು ಗಟ್ಟಿ. ದಿನಚರಿ ಕಡಿಮೆಯಾದರೆ ಡಿಸ್ಕಿಗೂ ಲಾಭವೇ.

ಹಂಗಾರಕಟ್ಟೆಯ ಆ ಮನೆಯಲ್ಲಿ ಈಗ 64 ಜಿಬಿಯ ಡಿಸ್ಕಿದೆ, ಆಟೋಟ್ರಿಮ್ ಆನ್ ಆಗಿದೆ, ದಿನಚರಿ ರ‍್ಯಾಮಿಗೆ ಹೋಗಿದೆ. ಹೊಂದಾಣಿಕೆಯ ಕಡತದ ಪ್ರತಿ ತಂಗಿಯ ಲ್ಯಾಪ್‌ಟಾಪಿನಲ್ಲಿದೆ. ಅಣ್ಣ ಊರಲ್ಲಿಲ್ಲದಾಗ ಡಿಸ್ಕು ಬದಲಿಸುವುದು ಹೇಗೆಂದು ಅವಳು ಕಲಿತಿದ್ದಾಳೆ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಎರಡು ಡಿಸ್ಕುಗಳಿವೆ. ಎರಡರಲ್ಲಿಯೂ ಪ್ರತಿ ಕೋಶ ಸಾವಿರ ಸಲ ತಡೆಯುತ್ತದೆ, ಎರಡಕ್ಕೂ ದಿನಕ್ಕೆ 4 ಜಿಬಿ ಬರಹ. ಒಂದು 16 ಜಿಬಿಯದು, ಟ್ರಿಮ್ ಚಾಲೂ ಇದ್ದು ವರ್ಧನೆ ಎರಡು ಪಟ್ಟು. ಇನ್ನೊಂದು 64 ಜಿಬಿಯದು, ಟ್ರಿಮ್ ಇಲ್ಲದೆ ವರ್ಧನೆ ಎಂಟು ಪಟ್ಟು. ಯಾವುದು ಹೆಚ್ಚು ದಿನ ಬಾಳುತ್ತದೆ? ಮೊದಲು ಊಹಿಸಿ, ಆಮೇಲೆ ಲೆಕ್ಕ ಹಾಕಿ. ಉತ್ತರ ಮುಂದಿನ ವಾರ.